ಕೊಂಬು ನೋಡುತ್ತಿದ್ದವನು

ಬೇರೆಯವರು ಗುರುವನ್ನು ಹುಡುಕಿಕೊಂಡು ಆಶ್ರಮಕ್ಕೆ ಬರುತ್ತಾರೆ. ಶಂಭುಲಿಂಗ ಬಂದದ್ದು ಕರೆಂಟು ಬಸ್ಸಿನ ಕೊನೆಯ ಸ್ಟಾಪು ಅಲ್ಲಿದೆ ಅಂತ. ಹಾಗೆಂದು ಉಳಿದ ಶಿಷ್ಯರು ಆಡಿಕೊಂಡು ನಗುತ್ತಿದ್ದರು. ಅದರಲ್ಲಿ ಪೂರಾ ಸುಳ್ಳೇನೂ ಇರಲಿಲ್ಲ.

ಊರು ಹೊಳೆಯ ದಂಡೆಯ ಮೇಲಿತ್ತು. ಬೀದಿಗಳ ಮೇಲೆ ಜೋಡಿ ತಂತಿ ಎಳೆದಿದ್ದರು. ಬಸ್ಸಿನ ನೆತ್ತಿಯ ಮೇಲೆ ಎರಡು ಉದ್ದನೆಯ ಕೋಲು. ಅವುಗಳ ತುದಿ ತಂತಿಯನ್ನು ಮುಟ್ಟಿಕೊಂಡೇ ಸಾಗಬೇಕು, ಆಗ ಮಾತ್ರ ಬಸ್ಸಿಗೆ ಜೀವ. ಬೋರ್ಡಿನ ಮೇಲೆ ಅದು ಟ್ರಾಲಿ ಬಸ್ಸು, ಜನರ ಬಾಯಲ್ಲಿ ಕರೆಂಟು ಬಸ್ಸು. ಆ ಕೋಲುಗಳಿಗೆ ಎಲ್ಲರೂ ಕೊಂಬು ಅನ್ನುತ್ತಿದ್ದರು.

ತಂತಿ ಮುಗಿಯುವಲ್ಲಿ ಒಂದು ಹೊಂಗೆಮರ, ಮರಕ್ಕೊಂದು ಕಟ್ಟೆ. ಬಸ್ಸು ಆ ಮರವನ್ನು ಸುತ್ತುಹಾಕಿ ಮತ್ತೆ ಊರ ಕಡೆ ಹೋಗುತ್ತಿತ್ತು. ಮರದ ಹಿಂದೆ ಗಂಗಯ್ಯಸ್ವಾಮಿಗಳ ಆಶ್ರಮ. ಆಶ್ರಮದ ಹಿಂದೆ ಹೊಳೆ.

ಸಂಜೆಯಾದರೆ ಸ್ವಾಮಿಗಳು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಶಂಭುಲಿಂಗ ಪಕ್ಕದಲ್ಲಿ ನಿಂತು, ಕತ್ತು ಮೇಲೆತ್ತಿ, ಕೊಂಬು ನೋಡುತ್ತಿದ್ದ.

ಚಿಕ್ಕಂದಿನಲ್ಲಿ ಹತ್ತಿದ ಹುಚ್ಚು ಅದು. ಊರಿನ ಬಸ್ಸುಗಳನ್ನೆಲ್ಲ ಬೀದಿ ಬೀದಿ ಅಲೆದು ನೋಡಿದ್ದ. ಧ್ಯಾನಕ್ಕೆ ಕಣ್ಣು ಮುಚ್ಚಿ ಕೂತಾಗಲೂ, ತಂತಿಯ ಸದ್ದು ಕೇಳಿಯೇ ಇದು ಎಂಟನೇ ನಂಬರು, ಇದು ಹನ್ನೆರಡು ಅಂತ ಗುರುತು ಹಿಡಿಯುತ್ತಿದ್ದ. ಒಂದು ಬಸ್ಸು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹತ್ತೊಂಬತ್ತು. ಅದು ಸದಾ ಡಿಪೋದ ಒಳಗೇ ಇರುತ್ತಿತ್ತು. ಬೇರೆ ಯಾವುದಾದರೂ ಬಸ್ಸು ಕೈಕೊಟ್ಟ ದಿನ ಮಾತ್ರ ಬೀದಿಗೆ ಬರುತ್ತಿತ್ತು, ಆ ದಿನ ಶಂಭುಲಿಂಗ ಇನ್ನೆಲ್ಲೋ ಇರುತ್ತಿದ್ದ.

"ಹತ್ತೊಂಬತ್ತು ಒಂದು ನೋಡಿಬಿಟ್ಟರೆ ನನ್ನ ಮನಸ್ಸು ನಿಲ್ಲುತ್ತೆ, ಬುದ್ಧಿ," ಅಂತ ಅವನು ಒಮ್ಮೆ ಗುರುಗಳಿಗೆ ಹೇಳಿದ್ದ.

"ನಿಂತರೆ ಒಳ್ಳೇದೇ," ಅಂದಿದ್ದರು ಗುರುಗಳು.

ಅವನ ಮನಸ್ಸು ನಿಲ್ಲದಿದ್ದದ್ದಕ್ಕೆ ಹತ್ತೊಂಬತ್ತು ಕಾರಣವಲ್ಲ. ಅದು ಅವನಿಗೂ ಗೊತ್ತಿತ್ತು.

ಆ ಆಶ್ರಮದಲ್ಲಿ ಒಂದು ಪದ್ಧತಿ. ದೀಕ್ಷೆ ಬೇಡಿ ಬಂದವನ ಮನೆಯಿಂದ ಯಾರಾದರೂ ಒಬ್ಬರು ಬರಬೇಕು. ಹೊಸಿಲು ದಾಟಿ ಒಳಗೆ ನಿಂತು, "ಇವನನ್ನು ಕೊಟ್ಟೆವು" ಅನ್ನಬೇಕು. ಅಷ್ಟಾಗದೆ ಗಂಗಯ್ಯಸ್ವಾಮಿಗಳು ಯಾರ ತಲೆಯ ಮೇಲೂ ಕೈ ಇಡುತ್ತಿರಲಿಲ್ಲ. ಕದ್ದು ತಂದ ಹೂವು ಪೂಜೆಗೆ ಬೇಡ ಅನ್ನುತ್ತಿದ್ದರು.

ಶಂಭುಲಿಂಗನಿಗೆ ಮನೆ ಅಂತ ಇದ್ದದ್ದು ಅಕ್ಕ ಒಬ್ಬಳೇ, ದೊಡ್ಡತಾಯಮ್ಮ. ತಾಯಿ ತೀರಿಕೊಂಡ ಮೇಲೆ ಸೊಂಟದ ಮೇಲೆ ಹೊತ್ತು ಸಾಕಿದವಳು. ಅವನು ಅತ್ತಾಗ ಬೀದಿಗೆ ಕರೆತಂದು, "ನೋಡು ಮಗ, ಕೊಂಬಿನ ಬಸ್ಸು ಬಂತು" ಅಂತ ತೋರಿಸಿದವಳು. ಆ ಹುಚ್ಚು ಹತ್ತಿಸಿದ್ದೇ ಅವಳು ಅಂದರೂ ಸರಿ.

ಅವಳು ಅವನಿಗೊಂದು ಹೆಣ್ಣು ಗೊತ್ತು ಮಾಡಿದಾಗ ಜಗಳ ಹತ್ತಿತು. ಅವನು ಆಶ್ರಮ ಸೇರುತ್ತೇನೆ ಅಂದ. ಅವಳು ಅತ್ತಳು. ಅವನಿಗೆ ಆ ಅಳು ತಡೆಯಲಾಗಲಿಲ್ಲ, ತಡೆಯಲಾಗದವರು ಬೈಯುವ ಹಾಗೆ ಬೈದ.

"ನಾನು ಸತ್ತೆ ಅಂದ್ಕೊ. ಆಶ್ರಮದ ನೆಲ ತುಳಿದು ನನ್ನ ಮಾನ ಕಳೀಬೇಡ," ಅಂದು ಬಸ್ಸು ಹತ್ತಿಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಬರಲಿಲ್ಲ.

ವರ್ಷಗಳು ಕಳೆದವು. ಅವನ ಹಿಂದೆ ಬಂದವರು ದೀಕ್ಷೆ ಪಡೆದು ಊರೂರಿಗೆ ಹೋದರು. ಶಂಭುಲಿಂಗ ಬಿಳಿ ಪಂಚೆಯಲ್ಲೇ ಉಳಿದ. ಅಂಗಳ ಗುಡಿಸಿದ, ಬಾವಿಯಿಂದ ನೀರು ಸೇದಿದ, ಗಡ್ಡದಲ್ಲಿ ನರೆ ಕಾಣಿಸಿಕೊಂಡಿತು.

"ಅಕ್ಕನ್ನ ಕರೆದೆಯಾ?" ಅಂತ ಗುರುಗಳು ಆಗಾಗ ಕೇಳುತ್ತಿದ್ದರು.

"ಇಲ್ಲ ಬುದ್ಧಿ. ಬರಬೇಡ ಅಂದವನು ನಾನು. ಈಗ ನಾನೇ ಬಾ ಅಂತ ಹೇಗೆ ಕರೀಲಿ?"

"ಬಾಯಲ್ಲಿ ಕರಿ."

"ಅವಳಿಗೆ ನನ್ನ ಮೇಲೆ ಕರುಳಿದ್ದಿದ್ದರೆ, ನಾನು ಬೇಡ ಅಂದರೂ ಬಂದಿರೋಳು. ನನ್ನ ಬಿಟ್ಟೇಬಿಟ್ಟಳು ಬುದ್ಧಿ."

"ಹಾಗೋ," ಅನ್ನುತ್ತಿದ್ದರು ಗುರುಗಳು.

ಆಮೇಲೆ ಬಸ್ಸು ಬರುತ್ತಿತ್ತು. ಮರದ ಬಳಿಯ ತಿರುವು ಬಲು ಇಕ್ಕಟ್ಟು. ಅಲ್ಲಿ ಕೊಂಬು ತಂತಿ ಬಿಟ್ಟು ಹಾರಿದರೂ ಹಾರಿತು. ಹಾರಿದರೆ ನೀಲಿ ಕಿಡಿ ಉದುರಿ, ಬಸ್ಸು ನಿಂತಲ್ಲೇ ನಿಂತು, ದೀಪಗಳೆಲ್ಲ ಆರುತ್ತಿದ್ದವು. ಕಂಡಕ್ಟರು ಇಳಿದು ಹಿಂದಿನ ಹಗ್ಗ ಜಗ್ಗಿ ಕೊಂಬನ್ನು ಮತ್ತೆ ತಂತಿಗೆ ಕೂರಿಸಬೇಕು. ಶಂಭುಲಿಂಗನಿಗೆ ಇದಕ್ಕಿಂತ ಸೊಗಸಾದ ನೋಟ ಲೋಕದಲ್ಲಿ ಇನ್ನೊಂದಿರಲಿಲ್ಲ. ಬಸ್ಸು ಕಂಡ ಕ್ಷಣದಿಂದ ಮರೆಯಾಗುವ ತನಕ ಅವನ ಕಣ್ಣು ಮೇಲೆಯೇ ಇರುತ್ತಿತ್ತು.

"ಏನು ನೋಡಿದೆ?" ಅಂತ ಗುರುಗಳು ಕೇಳುವರು.

"ಎಂಟನೇ ನಂಬರು, ಬುದ್ಧಿ. ಎಡಗೊಂಬು ಚೂರು ನಡುಗುತ್ತೆ. ಆದರೂ ತಿರುವಿನಲ್ಲಿ ತಂತಿ ಬಿಡಲಿಲ್ಲ."

"ಒಳಗೆ ಯಾರಿದ್ದರು?"

"ನೋಡಲಿಲ್ಲ."

ಮರುದಿನವೂ ಅದೇ ಪ್ರಶ್ನೆ. ಅದರ ಮರುದಿನವೂ ಅದೇ.

ಒಂದು ಸಂಜೆ ಶಂಭುಲಿಂಗ ಉತ್ತರವನ್ನು ಮೊದಲೇ ಹೊಂದಿಸಿಕೊಂಡು ಬಂದ.

"ಬುದ್ಧಿ, ನಾನು ಸುಮ್ಮನೆ ಮೇಲೆ ನೋಡ್ತಿಲ್ಲ. ಬಸ್ಸು ಜೀವ. ತಂತಿ ಶಿವ. ಮೇಲಿನದನ್ನು ಹಿಡಿದುಕೊಂಡರೆ ಮಾತ್ರ ಕೆಳಗಿನದು ಚಲಿಸುತ್ತೆ. ಕೊಂಬು ಬಿಟ್ಟರೆ ಕತ್ತಲು. ಇದು ನಾನು ಕಂಡುಕೊಂಡ ತತ್ತ್ವ."

ಗುರುಗಳು ಬಹಳ ಹೊತ್ತು ತಲೆದೂಗಿದರು. ಶಂಭುಲಿಂಗನಿಗೆ ಎದೆ ಉಬ್ಬಿತು.

"ಬಲು ಚೆನ್ನಾಗಿದೆ," ಅಂದರು. "ಒಳಗೆ ಯಾರಿದ್ದರು?"

ಅವನಿಗೆ ಮುಖದ ಮೇಲೆ ನೀರು ಎರಚಿದಂತಾಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೆಯ ಸಂಜೆ ಗುರುಗಳು ಕಟ್ಟೆಯ ಮೇಲೆ ಸರಿದು ಅವನಿಗೆ ಜಾಗ ಮಾಡಿದರು.

"ಕೂತ್ಕೊ. ನಿಂತವನಿಗೆ ಮೇಲಿನದು ಕಾಣುತ್ತೆ, ಕೂತವನಿಗೆ ಕಿಟಕಿ ಕಾಣುತ್ತೆ. ಇವತ್ತಿನಿಂದ ಕೊಂಬು, ನಂಬರು ಎರಡನ್ನೂ ನಾನು ನೋಡ್ಕೋತೀನಿ. ನೀನು ಕಿಟಕಿ ನೋಡು."

"ನೀವು ಕೊಂಬು ನೋಡೋದಾ, ಬುದ್ಧಿ?"

"ಯಾಕೆ, ನನಗೆ ಕಣ್ಣಿಲ್ವೇ?"

"ಹತ್ತೊಂಬತ್ತು ಬಂದರೆ?"

"ಬಂದರೆ ಅದು ನನ್ನ ಪಾಲು. ನೀನು ತಲೆ ಎತ್ತೋ ಹಾಗಿಲ್ಲ."

ಗುರುವಿನ ಮಾತು. ಮೀರುವಂತಿಲ್ಲ. ಶಂಭುಲಿಂಗ ಕೂತ. ಬಸ್ಸು ಬಂದಾಗ ಕತ್ತು ತಾನಾಗಿ ಮೇಲೆ ಹೋಯಿತು. ಗುರುಗಳು ಒಂದು ಬೆರಳಿನಿಂದ ಅವನ ಗಲ್ಲವನ್ನು ಕೆಳಗಿಳಿಸಿದರು.

"ಯಾರಿದ್ದರು?"

"ಜನ ಇದ್ದರು, ಬುದ್ಧಿ."

"ಜನ ಅನ್ನೋ ಹೆಸರಿನವರು ಯಾರೂ ಇಲ್ಲ ಕಣಪ್ಪ. ನಾಳೆ ಸರಿಯಾಗಿ ನೋಡು."

ಮೊದಮೊದಲು ಅವನಿಗೆ ಇದು ಶಿಕ್ಷೆಯೇ ಆಗಿತ್ತು. ಪಕ್ಕದಲ್ಲಿ ಗುರುಗಳು ಕತ್ತೆತ್ತಿ, "ಹನ್ನೆರಡು. ಬಲಗೊಂಬಿಗೆ ಯಾರೋ ಬಟ್ಟೆ ಸುತ್ತಿದಾರೆ, ಯಾಕೋ?" ಅಂತ ಕೇಳುವಾಗ ಹೊಟ್ಟೆ ಉರಿಯುತ್ತಿತ್ತು. ಆಮೇಲೆ ದಿನ ಕಳೆದಂತೆ ಕಿಟಕಿಗಳಲ್ಲಿ ಒಬ್ಬೊಬ್ಬರೇ ಕಾಣತೊಡಗಿದರು. ಜಡೆಯ ತುದಿ ಕಚ್ಚಿಕೊಂಡು ಕೂರುವ ಹುಡುಗಿ. ಬುಟ್ಟಿಯೊಳಗೆ ಕೋಳಿ ಇಟ್ಟುಕೊಂಡು, ಅದರ ಜೊತೆ ಮಾತಾಡುತ್ತ ಬರುವ ಮುದುಕ. ಕೊಡೆಯ ಹಿಡಿಯ ಮೇಲೆ ಗಲ್ಲ ಊರಿ ನಿದ್ದೆ ಮಾಡುವ ಗುಮಾಸ್ತ. ಕೋಳಿಯ ಮುದುಕ ಒಂದು ದಿನ ಬರದಿದ್ದಾಗ ಶಂಭುಲಿಂಗನಿಗೆ ಚಿಂತೆಯಾಯಿತು. ಆ ಚಿಂತೆ ಅವನಿಗೇ ಹೊಸದು.

ಒಂದು ಸೋಮವಾರ ಅವನು ಹೇಳಿದ:

"ಹಿಂದಿನ ಸೀಟಿನ ಕಿಟಕಿಯಲ್ಲಿ ಒಬ್ಬ ಹೆಂಗಸಿದ್ದಳು, ಬುದ್ಧಿ. ನಾನು ನೋಡಿದ ಕೂಡಲೆ ಸೆರಗು ಮುಖಕ್ಕೆ ಎಳಕೊಂಡಳು. ಇಲ್ಲಿ ಎಲ್ಲರೂ ಇಳಿದರು, ಅವಳು ಮಾತ್ರ ಇಳೀಲಿಲ್ಲ. ಅದೇ ಬಸ್ಸಲ್ಲಿ ವಾಪಸ್ಸು ಹೋದಳು."

"ಯಾಕೆ ಇಳೀಲಿಲ್ಲ?"

"ನನಗೆ ಹೇಗೆ ಗೊತ್ತಾಗಬೇಕು?"

ಮುಂದಿನ ಸೋಮವಾರ ಅವಳು ಮತ್ತೆ ಬಂದಳು. ಮತ್ತೆ ಸೆರಗು, ಮತ್ತೆ ವಾಪಸ್ಸು.

"ಇಳೀಲಿಲ್ಲ ಬುದ್ಧಿ."

"ಯಾಕೆ?"

ಆ 'ಯಾಕೆ' ಅವನನ್ನು ಬಿಡಲಿಲ್ಲ. ಮಾರನೆಯ ದಿನ ಕಂಡಕ್ಟರ್ ಜವರಯ್ಯ ಬಸ್ಸು ನಿಲ್ಲಿಸಿ ಆಶ್ರಮದ ಬಾವಿಯ ಹತ್ತಿರ ನೀರು ಕುಡಿಯಲು ಬಂದಾಗ ಶಂಭುಲಿಂಗ ಅವನಿಗೆ ಚೊಂಬು ಎತ್ತಿ ಹುಯ್ಯುತ್ತ ಕೇಳಿದ.

"ಓ, ಆಯಮ್ಮನಾ?" ಅಂದ ಜವರಯ್ಯ, ಬಾಯಿ ಒರೆಸಿಕೊಂಡು. "ವರ್ಷಗಳಿಂದ ಹಿಂಗೇ ಸ್ವಾಮಿ. ಸೋಮವಾರ ಬತ್ತದೆ. ಕೊನೆ ಸ್ಟಾಪಿಗೆ ಒಂದು ಟಿಕೀಟು, ವಾಪಸ್ಸಿಗೆ ಒಂದು. ನಾನೂ ಕೇಳ್ದೆ, ಇಷ್ಟು ದೂರ ಬತ್ತೀಯಲ್ಲವ್ವ, ಇಳಿದು ಬುದ್ಧಿಯವರ ಪಾದಕ್ಕೆ ಬಿದ್ದು ಬರಬಾರ್ದಾ ಅಂತ."

"ಏನಂದಳು?"

"ಇಲ್ಲಿ ನೆಲ ತುಳೀಬ್ಯಾಡ ಅಂದವ್ರೆ ಕಣಪ್ಪ ಅಂದ್ರು. ಯಾರಂದ್ರೋ ಏನೋ, ಅವರ ನಾಲಿಗೆಗೆ ಏನಾಗಿತ್ತೋ."

ಶಂಭುಲಿಂಗನ ಕೈಯ ಚೊಂಬು ತುಂಬಿದ್ದು ತುಂಬಿದ ಹಾಗೇ ಉಳಿಯಿತು. ಜವರಯ್ಯ ಹೋದದ್ದೂ ಅವನಿಗೆ ತಿಳಿಯಲಿಲ್ಲ.

ಆ ವಾರ ಅವನು ಅಂಗಳವನ್ನು ಗುಡಿಸಿದಲ್ಲೇ ಗುಡಿಸಿದ. ಅವಳಾಗಿರಲಿಕ್ಕಿಲ್ಲ ಅಂತ ಹೇಳಿಕೊಂಡ. ಅವಳೇ ಆಗಿದ್ದರೆ ಅನ್ನುವಾಗ ಪೊರಕೆ ಕೈಯಲ್ಲೇ ನಿಲ್ಲುತ್ತಿತ್ತು. ಇಷ್ಟು ವರ್ಷ, ಸೋಮವಾರ ಸೋಮವಾರ, ನಾನು ಆ ಬಸ್ಸಿನ ಎದುರಿಗೇ ನಿಂತಿದ್ದೆ. ಕತ್ತು ಮೇಲೆತ್ತಿಕೊಂಡು ನಿಂತಿದ್ದೆ.

ಗುರುಗಳ ಹತ್ತಿರ ಹೋಗಿ ಕೂತ. ಜವರಯ್ಯ ಅಂದದ್ದನ್ನು ಹೇಳಿದ.

"ಸೋಮವಾರ ಬರಲಿ," ಅಂದರು ಗುರುಗಳು.

ಸೋಮವಾರ ಬಂತು. ಸಂಜೆಯ ಬಸ್ಸು ಬರಲಿಲ್ಲ. ಮರದ ಕೆಳಗೆ ಊರಿಗೆ ಹೋಗಲು ಕಾದಿದ್ದವರು ಗೊಣಗತೊಡಗಿದರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿದೆಯಂತೆ ಅಂದ ಒಬ್ಬ. ಹೊಳೆಯ ಮೇಲಿನ ಬೆಳಕು ಕೆಂಪಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಶಂಭುಲಿಂಗ ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಇವತ್ತು ಅವಳು ಬರದಿದ್ದರೆ? ತಾನು ಕಿಟಕಿ ನೋಡಲು ಶುರು ಮಾಡಿದ್ದಕ್ಕೇ ಹೆದರಿ, ಬರುವುದನ್ನೇ ಬಿಟ್ಟಿದ್ದರೆ?

ತಂತಿಯಲ್ಲಿ ಸದ್ದು ಹರಿದು ಬಂತು. ಅದು ಯಾವ ನಂಬರಿನ ಸದ್ದು ಅಂತ ಅವನ ಕಿವಿ ಆ ದಿನ ವಿಚಾರಿಸಲಿಲ್ಲ.

ಬಸ್ಸು ತಿರುವಿಗೆ ಬಂತು. ಒಳಗೆ ದೀಪ ಉರಿಯುತ್ತಿತ್ತು. ಹಿಂದಿನ ಸೀಟಿನ ಕಿಟಕಿಯಲ್ಲಿ ಸೆರಗು ಮುಚ್ಚಿದ ಮುಖ. ಅರ್ಧ ತಿರುವಿನಲ್ಲಿ ತಲೆಯ ಮೇಲೆ ಫಟ್ಟೆಂದಿತು, ನೀಲಿ ಕಿಡಿ ಉದುರಿತು, ದೀಪಗಳು ಆರಿದವು. ಬಸ್ಸು ಕಟ್ಟೆಗೆ ಮಾರು ದೂರದಲ್ಲಿ ನಿಂತುಬಿಟ್ಟಿತು.

"ಕೊಂಬು ಬಿತ್ತು," ಅಂದರು ಯಾರೋ. ಮರದ ಕೆಳಗಿದ್ದವರೆಲ್ಲ ಮೇಲೆ ನೋಡಿದರು. ಗುರುಗಳೂ ನೋಡಿದರು.

ಕಿಟಕಿಯ ಹೆಂಗಸು ಸೆರಗು ಸರಿಸಿದಳು. ಕೊಂಬು ಬಿದ್ದಾಗ ತಮ್ಮನ ಕಣ್ಣು ಎಲ್ಲಿರುತ್ತದೆ ಅನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ವರ್ಷ ಅವಳು ಅವನನ್ನು ಕಣ್ತುಂಬ ನೋಡಿದ್ದೆಲ್ಲ ಅವನು ಹಾಗೆ ಮೇಲೆ ನೋಡುವಾಗಲೇ.

ಅವಳು ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ.

ಕೂದಲು ಪೂರಾ ಬೆಳ್ಳಗಾಗಿತ್ತು. ಕೆನ್ನೆ ಇಳಿದಿತ್ತು. ಕಣ್ಣು ಮಾತ್ರ ಅವನನ್ನು ಸೊಂಟದ ಮೇಲೆ ಹೊತ್ತವಳ ಕಣ್ಣೇ.

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ಸರಳು ಹಿಡಿದುಕೊಂಡ. ಬಸ್ಸಿನ ಹಿಂದೆ ಜವರಯ್ಯ ಹಗ್ಗ ಜಗ್ಗುತ್ತ ಕೊಂಬಿನ ಜೊತೆ ಹೆಣಗುತ್ತಿದ್ದ.

"ಅಕ್ಕ."

"ನಾನು ಕೆಳಕ್ಕೆ ಇಳಿದಿಲ್ಲ ಕಣೋ," ಅಂದಳು ಅವಳು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. "ಒಂದು ದಿನಾನೂ ಇಳಿದಿಲ್ಲ. ಬೇಕಾದ್ರೆ ಕಂಡಕ್ಟರನ್ನ ಕೇಳು."

"ಇಳಿ ಅಕ್ಕ."

"ನೀನೇ ತಾನೆ ಬ್ಯಾಡ ಅಂದಿದ್ದು."

"ನಾನೇ ಅಂದೆ. ನಾನೇ ಈಗ ಕರೀತಿದೀನಿ. ಇಳಿದು ಬಾ."

ಅವಳು ಕಿಟಕಿಯಿಂದ ಕೈ ಹಾಕಿ ಅವನ ಗಡ್ಡದ ಬಿಳಿ ಕೂದಲನ್ನು ಮುಟ್ಟಿ ನೋಡಿದಳು.

"ಮುದುಕ ಆಗ್ಬಿಟ್ಟೆಯಲ್ಲೋ," ಅಂದಳು. "ದೂರದಿಂದ ಗೊತ್ತಾಗ್ತಿರಲಿಲ್ಲ."

ಅವಳು ಕತ್ತಲಲ್ಲಿ ಸೀಟು ಸೀಟು ಹಿಡಿದುಕೊಂಡು ಬಾಗಿಲಿಗೆ ಬಂದಳು. ಮೆಟ್ಟಿಲ ಮೇಲೆ ನಿಂತು ನೆಲವನ್ನೊಮ್ಮೆ ನೋಡಿದಳು. ಶಂಭುಲಿಂಗ ಎರಡೂ ಕೈ ಚಾಚಿದ. ಅವಳು ಅವನ ಕೈ ಹಿಡಿದು ಇಳಿದಳು. ಅಷ್ಟರಲ್ಲಿ ಕೊಂಬು ತಂತಿಗೆ ಕೂತು, ಬಸ್ಸಿಗೆ ಬೆಳಕು ಬಂದು, ಅದು ಅವರಿಬ್ಬರನ್ನೂ ಬಿಟ್ಟು ಊರ ಕಡೆ ಹೊರಟುಹೋಯಿತು.

ಆಶ್ರಮದ ಹೊಸಿಲಿನ ಒಳಗೆ ದೊಡ್ಡತಾಯಮ್ಮ ಕೈಜೋಡಿಸಿ ನಿಂತಳು. ಗುರುಗಳು ಎದುರಿಗೆ ನಿಂತಿದ್ದರು.

"ಇವನನ್ನ ಕೊಡ್ತೀಯೇನವ್ವ?"

"ಕೊಟ್ಟೆ ಬುದ್ಧಿ," ಅಂದಳು. ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡು ಅಂದಳು, "ಅವತ್ತೇ ಕೊಟ್ಟಿದ್ದೆ. ಹೋಗಿ ಬಾ ಮಗ ಅನ್ನೋಕೆ ಕಣ್ಣೊರೆಸಿಕೊಂಡು ಹೊಸಿಲಿಗೆ ಬಂದೆ. ಅಷ್ಟೊತ್ತಿಗೆ ಇವನು ಬಸ್ಸು ಹತ್ತಿಬಿಟ್ಟಿದ್ದ."

ಶಂಭುಲಿಂಗ ಅವಳ ಪಾದದ ಮೇಲೆ ಹಣೆ ಇಟ್ಟ. ಸನ್ಯಾಸಕ್ಕೆ ಹೊರಟವನು ಹಾಗೆ ಅಳಬಾರದು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಬಸ್ಸಿಗೆ ಅವಳು ಹೋದಳು. ಕಿಟಕಿಯ ಪಕ್ಕ ಕೂತಳು, ಮುಖದ ಮೇಲೆ ಸೆರಗಿರಲಿಲ್ಲ. ಬಸ್ಸು ಮರ ಸುತ್ತಿ ದೂರವಾಗುವ ತನಕ ಅವನು ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು.

ಕಟ್ಟೆಯ ಮೇಲೆ ಗುರು ಶಿಷ್ಯರಿಬ್ಬರೇ ಉಳಿದರು.

"ನಿಮಗೆ ಗೊತ್ತಿತ್ತಾ ಬುದ್ಧಿ?"

"ಒಬ್ಬ ಹೆಂಗಸು ನಿನ್ನ ನೋಡೋಕೆ ಬರ್ತಾಳೆ ಅನ್ನೋದು ಗೊತ್ತಿತ್ತು. ಯಾರು ಅಂತ ನೀನಲ್ಲವೇ ಹೇಳಬೇಕು."

"ನೀವಾದರೂ ಒಂದು ಮಾತು ಹೇಳಬಾರದಿತ್ತಾ?"

"ದಿನಾ ಕೇಳ್ತಿದ್ದೆನಲ್ಲಪ್ಪ."

ಶಂಭುಲಿಂಗ ತಲೆ ತಗ್ಗಿಸಿದ.

"ಇವತ್ತು ಏನು ನೋಡಿದೆ?"

"ಅಕ್ಕನ್ನ ನೋಡಿದೆ ಬುದ್ಧಿ."

"ಅವಳು ಬಂದ ಬಸ್ಸು?"

"ಯಾವುದೋ. ನೋಡಲಿಲ್ಲ."

ಗುರುಗಳು ಮಂಡಿಗೆ ಕೈ ಕೊಟ್ಟು ಎದ್ದರು. ಕೂತಿದ್ದ ಶಿಷ್ಯನ ತಲೆಯ ಮೇಲೆ ಮೆಲ್ಲಗೆ ಕೈ ಇಟ್ಟರು.

"ಹತ್ತೊಂಬತ್ತು ಕಣಪ್ಪ," ಅಂದರು.